ಮುದ್ರೆಯನ್ನು ಕೊನೆಗೆ ನೋಡಿ: ತ್ಸಾರ್ ಕಾಲದ ರಷ್ಯನ್ ರತ್ನಪದಕವನ್ನು ಹರಾಜಿನಲ್ಲಿ ಕೊಳ್ಳುವ ಬಗೆ

ಅಡಿಕೆಗಿಂತ ಚಿಕ್ಕದಾದ ಒಂದು ಮೊಟ್ಟೆ. ಮೈಗೆ ಗುಲಾಬಿ ಎನಾಮಲ್ (ಲೋಹದ ಮೇಲೆ ಸುಟ್ಟು ಕೂರಿಸಿದ ಗಾಜಿನಂಥ ಬಣ್ಣ), ನಡುವಿಗೆ ಒಂದು ಸಾಲು ವಜ್ರದ ಹರಳು, ನೆತ್ತಿಯಲ್ಲಿ ಸರಕ್ಕೆ ಪೋಣಿಸುವ ಪುಟ್ಟ ಕೊಂಡಿ. ತ್ಸಾರ್ ದೊರೆಗಳ ಕೊನೆಯ ದಶಕಗಳಲ್ಲಿ ರಷ್ಯಾದ ಉಳ್ಳವರ ಮನೆಗಳಲ್ಲಿ ಈಸ್ಟರ್ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ಕೊಡುತ್ತಿದ್ದ ಉಡುಗೊರೆ ಇದು. ವರ್ಷಕ್ಕೊಂದೋ ಎರಡೋ ಕೂಡುತ್ತ ಹೋಗಿ ಕೊನೆಗೊಂದು ಇಡೀ ಸರವಾಗುತ್ತಿತ್ತು. ಇಂದು ಆ ಸರಗಳು ಬಿಡಿಬಿಡಿಯಾಗಿ ಲಂಡನ್, ಜಿನೀವಾ, ನ್ಯೂಯಾರ್ಕ್‌ಗಳ ಹರಾಜಿಗೆ ಬರುತ್ತವೆ.

ಹರಾಜಿಗೆ ಮುಂಚಿನ ಪ್ರದರ್ಶನದಲ್ಲಿ ಇಂಥ ಪದಕವನ್ನು ಕೈಗೆತ್ತಿಕೊಂಡವರು ಮೊದಲು ಮಾಡುವ ಕೆಲಸವೆಂದರೆ ಭೂತಗನ್ನಡಿ ಹಿಡಿದು ಮುದ್ರೆ ಹುಡುಕುವುದು. ತ್ಸಾರ್ ಅರಮನೆಗೆ ಒಡವೆ ಮಾಡಿಕೊಡುತ್ತಿದ್ದ ಹೆಸರಾಂತ ಅಂಗಡಿ 'ಫಾಬೆರ್ಜೆ'ಯ ಹೆಸರು ಕಂಡಿತೋ, ಮುಖ ಅರಳುತ್ತದೆ. ನಾನು ಹೇಳುವುದು ಇದಕ್ಕೆ ತಿರುಗುಮುರುಗು: ಮುದ್ರೆಯನ್ನು ಕೊನೆಗೆ ನೋಡಿ. ಮುದ್ರೆ ಎಂದರೆ ಒಂದು ಉಕ್ಕಿನ ಅಚ್ಚು, ಒಂದು ಸುತ್ತಿಗೆ ಏಟು. ಯಾರು ಬೇಕಾದರೂ ಹೊಡೆಯಬಹುದು, ಹೊಡೆದಿದ್ದಾರೆ ಕೂಡ. ಈ ನಕಲಿ ಮಾಲು ಎಷ್ಟು ಹಬ್ಬಿದೆಯೆಂದರೆ, ಸುಳ್ಳು ಎಂಬರ್ಥದ ಫ್ರೆಂಚ್ ಪದ 'ಫೋ' ಅನ್ನು ಮುಂದೆ ಅಂಟಿಸಿ 'ಫೋಬೆರ್ಜೆ' ಎಂಬ ಹೆಸರೇ ಬಳಕೆಗೆ ಬಂದಿದೆ. ದುಂಡನೆಯ ಮೈಮೇಲೆ ಬಿರುಕಿಲ್ಲದೆ ಐದಾರು ಪದರ ಎನಾಮಲ್ ಕೂರಿಸುವುದು ಮಾತ್ರ ಒಂದು ಮಧ್ಯಾಹ್ನದಲ್ಲಿ ಕಲಿತು ಮಾಡುವ ಕೆಲಸವಲ್ಲ.

ಹೆಜ್ಜೆ 1: ಏನನ್ನು ಹುಡುಕುತ್ತಿದ್ದೀರಿ ಎಂದು ಗೊತ್ತುಮಾಡಿಕೊಳ್ಳಿ

ಹರಾಜಿಗೆ ಬರುವ ರಷ್ಯನ್ ಪದಕಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಮೇಲೆ ಹೇಳಿದ ಈಸ್ಟರ್ ಮೊಟ್ಟೆಗಳು. ಎನಾಮಲ್‌ನವು, ಹಸಿರು ನೆಫ್ರೈಟ್ ಅಥವಾ ಗುಲಾಬಿ ರೋಡೊನೈಟ್‌ನಂಥ ಕಲ್ಲಿನಲ್ಲಿ ಕೊರೆದವು, ಬರೀ ಚಿನ್ನದ ಕೆಲಸದವು. ಎರಡು, ವಜ್ರ, ನೀಲ, ಮುತ್ತು ಕೂರಿಸಿದ, ಸಂಜೆಯ ಕೂಟಗಳಿಗೆ ಧರಿಸುತ್ತಿದ್ದ ತೂಗುಪದಕಗಳು. ಮೂರು, ಅರಮನೆಯ ಉಡುಗೊರೆಗಳು. ಚಕ್ರವರ್ತಿಯ ಸ್ವಂತ ಆಸ್ತಿ ನೋಡಿಕೊಳ್ಳುತ್ತಿದ್ದ 'ಕ್ಯಾಬಿನೆಟ್' ಎಂಬ ಇಲಾಖೆ ಇಂಥವನ್ನು ಮಾಡಿಸಿ ಹಂಚುತ್ತಿತ್ತು. ಇವುಗಳ ಮೇಲೆ ಎರಡು ತಲೆಯ ಹದ್ದೋ ದೊರೆಯ ಹೆಸರಿನ ಅಕ್ಷರವೋ ಇರುತ್ತದೆ. 1613ರಲ್ಲಿ ಗದ್ದುಗೆ ಏರಿದ ರೊಮಾನೊವ್ ಮನೆತನದ ಮುನ್ನೂರನೇ ವರ್ಷದ ನೆನಪಿಗೆ 1913ರಲ್ಲಿ ಮಾಡಿಸಿದ ಆಭರಣಗಳು ಈ ಗುಂಪಿಗೆ ಸೇರುತ್ತವೆ.

ಫಾಬೆರ್ಜೆ ಒಂದೇ ಹೆಸರಲ್ಲ. ಬೊಲಿನ್, ಹಾನ್, ಕ್ಯೋಖ್ಲಿ, ಟಿಲಾಂಡರ್ ಇವರೆಲ್ಲ ಫಾಬೆರ್ಜೆ ಇದ್ದ ಅಂದಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿನಲ್ಲೇ, ಅದೇ ಗಿರಾಕಿಗಳಿಗೆ ಕೆಲಸ ಮಾಡಿದವರು. ದೊಡ್ಡ ವಜ್ರದ ಕೆಲಸಕ್ಕೆ ಅರಮನೆ ಹೆಚ್ಚಾಗಿ ನೆಚ್ಚಿದ್ದು ಬೊಲಿನ್ ಅಂಗಡಿಯನ್ನು. ಮೊದಲ ಸಲ ಕೊಳ್ಳುವವರು ಈ ಎರಡನೆಯ ಸಾಲಿನ ಹೆಸರುಗಳನ್ನೋ, ಮುದ್ರೆಯೇ ಇಲ್ಲದ ಒಳ್ಳೆಯ ಕೆಲಸವನ್ನೋ ನೋಡುವುದು ಜಾಣತನ. ಹೆಸರಿಗೆ ತೆರುವ ದುಡ್ಡು ಉಳಿಯುತ್ತದೆ, ನಕಲಿ ಮಾಡುವವರ ಕಣ್ಣೂ ಅಲ್ಲಿ ಕಡಿಮೆ.

ಇನ್ನೊಂದು ಮಾತು ನಮ್ಮವರಿಗೆ. 916 ನೋಡಿ ಬೆಳೆದ ನಮಗೆ 14 ಕ್ಯಾರೆಟ್ ಎಂದರೆ ಮೂಗು ಮುರಿಯುವಂತಾಗುತ್ತದೆ. ಇಲ್ಲಿ ಗ್ರಾಂಗೆ ಇಷ್ಟು, ಕೂಲಿ ಇಷ್ಟು, ತೇಮಾನು ಇಷ್ಟು ಎಂಬ ಲೆಕ್ಕ ನಡೆಯುವುದಿಲ್ಲ. ಮೊಟ್ಟೆ ಪದಕದಲ್ಲಿರುವ ಚಿನ್ನವನ್ನು ಕರಗಿಸಿದರೆ ಕೂಗಿದ ಬೆಲೆಯ ಚೂರುಪಾರೂ ಹುಟ್ಟುವುದಿಲ್ಲ. ಬೆಲೆ ಇರುವುದು ಕೈಕೆಲಸಕ್ಕೆ ಮತ್ತು ಕಥೆಗೆ. ಕೈಕೆಲಸವನ್ನು ಕಣ್ಣಿನಿಂದ ಪರೀಕ್ಷಿಸಬಹುದು. ಕಥೆಗೆ ಕಾಗದ ಬೇಕು.

ಹೆಜ್ಜೆ 2: ಕ್ಯಾಟಲಾಗ್‌ನ ಭಾಷೆ ಓದಲು ಕಲಿಯಿರಿ

ಹರಾಜು ಮನೆಯ ಕ್ಯಾಟಲಾಗ್‌ನಲ್ಲಿ ಒಂದೊಂದು ಪದವನ್ನೂ ವಕೀಲರು ತೂಗಿರುತ್ತಾರೆ. ಶೀರ್ಷಿಕೆಯಲ್ಲಿ 'ಫಾಬೆರ್ಜೆ ಮುದ್ರೆಯುಳ್ಳ' ಎಂದಿದ್ದರೆ, ಆ ಕಾರ್ಯಾಗಾರದ್ದೇ ಕೆಲಸ, ಮುದ್ರೆಯೂ ಇದೆ ಎಂಬುದು ಅವರ ಅಭಿಪ್ರಾಯ. 'ಫಾಬೆರ್ಜೆಯಿಂದ' ಎಂದಿದ್ದು ಮುದ್ರೆಯ ಮಾತಿಲ್ಲದಿದ್ದರೆ, ಮುದ್ರೆಯಿಲ್ಲದಿದ್ದರೂ ಅವರದೇ ಕೆಲಸವೆಂದು ನಂಬಿದ್ದಾರೆ. 'ಫಾಬೆರ್ಜೆ ಶೈಲಿಯಲ್ಲಿ' ಎಂದರೆ ಫಾಬೆರ್ಜೆ ಅಲ್ಲ, ಅಷ್ಟೇ. 'ನಂತರದ ಮುದ್ರೆಗಳೊಂದಿಗೆ' ಎಂದು ಕಂಡರೆ ಪುಟ ತಿರುವಿ ಮುಂದೆ ಹೋಗಿ. ಈ ಪದಗಳ ಅರ್ಥ ಮನೆಯಿಂದ ಮನೆಗೆ ಕೊಂಚ ಬೇರೆಯಾಗುತ್ತದೆ. ಕ್ಯಾಟಲಾಗ್‌ನ ಹಿಂಬದಿಯಲ್ಲಿ ಚಿಕ್ಕ ಅಕ್ಷರದಲ್ಲಿ ವಿವರಣೆ ಇರುತ್ತದೆ, ಅದನ್ನು ಓದಲೇಬೇಕು.

ಇದಕ್ಕಿಂತ ಮುಖ್ಯವಾದದ್ದು ಖಾತರಿ. ಕ್ರಿಸ್ಟೀಸ್, ಸದಬೀಸ್‌ನಂಥ ದೊಡ್ಡ ಮನೆಗಳು ಮಾರಾಟದ ದಿನದಿಂದ 5 ವರ್ಷಗಳವರೆಗೆ ಅಸಲಿತನಕ್ಕೆ ಖಾತರಿ ಕೊಡುತ್ತವೆ. ಕ್ರಿಸ್ಟೀಸ್‌ನಲ್ಲಿ ಅದು ವಿವರಣೆಯ ಮೊದಲ ಸಾಲಿನ ಶೀರ್ಷಿಕೆಗೆ ಮಾತ್ರ. ಕೆಳಗೆ ಸಣ್ಣಕ್ಷರದಲ್ಲಿ 'ಕುಟುಂಬದ ಹೇಳಿಕೆಯಂತೆ ಗ್ರ್ಯಾಂಡ್ ಡಚೆಸ್ ಒಬ್ಬರಿಂದ ಬಂದದ್ದು' ಎಂದು ಬರೆದಿದ್ದರೆ ಆ ಮಾತಿಗೆ ಯಾರೂ ಹೊಣೆಯಲ್ಲ. ಅಜ್ಜಿ ಹೇಳಿದ್ದು ನಿಜವಿರಬಹುದು. ಆದರೆ ಅದಕ್ಕೆಂದು ಎರಡು ಪಟ್ಟು ದುಡ್ಡು ಸುರಿಯುವ ಮೊದಲು ಅಜ್ಜಿಗೆ ಯಾರು ಹೇಳಿದರು ಎಂದು ಕೇಳಿ.

ಹೆಜ್ಜೆ 3: ಪದಕವನ್ನು ಮಗುಚಿ ನೋಡಿ

ಹೋಗಿ ನೋಡಲು ಆಗದಿದ್ದರೆ ಸ್ಥಿತಿ ವರದಿ ತರಿಸಿಕೊಳ್ಳಿ. ಹರಾಜು ಮನೆಗಳು ಇದನ್ನು ಸಾಮಾನ್ಯವಾಗಿ ಶುಲ್ಕವಿಲ್ಲದೆ ಕೊಡುತ್ತವೆ. ಜೊತೆಗೆ ಮೂರು ಚಿತ್ರ ಕೇಳಿ: ಹಿಂಬದಿ, ಕೊಂಡಿಯ ಹತ್ತಿರದ ನೋಟ, ಓರೆ ಬೆಳಕಿನಲ್ಲಿ ಎನಾಮಲ್. ಮುಂಬದಿ ಹೇಗೂ ಕ್ಯಾಟಲಾಗ್‌ನಲ್ಲಿ ಥಳಥಳಿಸುತ್ತಿರುತ್ತದೆ.

ಹಿಂಬದಿ ಸುಳ್ಳು ಹೇಳುವುದು ಕಡಿಮೆ. ಒಳ್ಳೆಯ ಪೀಟರ್ಸ್‌ಬರ್ಗ್ ಕೆಲಸದಲ್ಲಿ ಹಿಂಬದಿಯೂ ಮುಂಬದಿಯಷ್ಟೇ ನಯವಾಗಿರುತ್ತದೆ. ಹರಳಿನ ಹಿಂದಿನ ಕಿಂಡಿಗಳು ಸಮನಾಗಿ ಕತ್ತರಿಸಿರುತ್ತವೆ, ಬೆಸುಗೆ ತೊಟ್ಟಿಕ್ಕಿದ ಗುರುತು ಇರುವುದಿಲ್ಲ. ಪ್ಲಾಟಿನಂ ಬಳಕೆ ರೂಢಿಯಾಗುವ ಮುನ್ನ ವಜ್ರವನ್ನು ಬೆಳ್ಳಿಯಲ್ಲಿ ಕೂರಿಸಿ ಹಿಂದೆ ಚಿನ್ನದ ತಗಡು ಸೇರಿಸುತ್ತಿದ್ದರು. ಬೆಳ್ಳಿಯ ಬಿಳುಪು ವಜ್ರದ ಬಿಳುಪನ್ನು ಕಾಯುತ್ತದೆ, ಹಿಂದಿನ ಚಿನ್ನ ಬಟ್ಟೆಗೆ ಕಪ್ಪು ಹತ್ತದಂತೆ ನೋಡಿಕೊಳ್ಳುತ್ತದೆ. 1880ರ ಪದಕವೆಂದು ಹೇಳಿ ಅಡಿಯಿಂದ ಮುಡಿಯವರೆಗೆ ಬಿಳಿ ಚಿನ್ನದಲ್ಲಿ ಮಾಡಿದ್ದನ್ನು ತೋರಿಸಿದರೆ ಅಲ್ಲೇ ನಿಲ್ಲಿ.

ಹರಳುಗಳ ಕಟಾವು ಮತ್ತೊಂದು ಸಾಕ್ಷಿ. ಆ ಕಾಲದ ವಜ್ರಗಳು ಹೆಚ್ಚಾಗಿ ಚಪ್ಪಟೆ ತಳದ ರೋಸ್ ಕಟ್ ಅಥವಾ ಮೆತ್ತೆಯಾಕಾರದ ಹಳೆಯ ಕಟಾವಿನವು. ಕೈಯಲ್ಲಿ ಕೊಯ್ದದ್ದರಿಂದ ಒಂದರಂತೆ ಇನ್ನೊಂದಿಲ್ಲ. ಎಲ್ಲ ಹರಳೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಸಮ, ಕಣ್ಣು ಕೋರೈಸುವ ದುಂಡು ಕಟಾವಿನಲ್ಲಿದ್ದರೆ ಹರಳು ಬದಲಾಗಿವೆ, ಇಲ್ಲವೇ ಪದಕವೇ ಹೊಸದು. ಕೆಂಪು ಕಲ್ಲಿದ್ದರೆ ಎಚ್ಚರ ಇನ್ನಷ್ಟು ಇರಲಿ. ಬೆಂಕಿಯಲ್ಲಿ ಕರಗಿಸಿ ಕೃತಕ ಮಾಣಿಕ್ಯ ಬೆಳೆಸುವ ವಿಧಾನವನ್ನು ವೆರ್ನೋಯ್ ಎಂಬ ಫ್ರೆಂಚ್ ವಿಜ್ಞಾನಿ 1902ರಲ್ಲಿ ಪ್ರಕಟಿಸಿದ. ಅದರ ಗುರುತು ಹರಳಿನೊಳಗಿನ ಬಾಗಿದ ಗೆರೆಗಳು; ನೆಲದಲ್ಲಿ ಬೆಳೆದ ಕಲ್ಲಿನಲ್ಲಿ ಗೆರೆ ನೇರವಾಗಿರುತ್ತದೆ.

ರಷ್ಯಾದ ಉರಾಲ್ ಪರ್ವತದ ಎರಡು ಕಲ್ಲುಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಡಿಮಾಂಟಾಯ್ಡ್ ಎಂಬ ಹಸಿರು ಗಾರ್ನೆಟ್ ವಜ್ರಕ್ಕಿಂತ ಹೆಚ್ಚು ಬಣ್ಣದ ಕಿಡಿ ಚೆಲ್ಲುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಕುದುರೆ ಬಾಲದಂತೆ ಹರಡಿದ ಸಣ್ಣ ಎಳೆಗಳು ಕಂಡರೆ ಸಂತೋಷಪಡಿ. ಬೇರೆ ಕಲ್ಲಿನಲ್ಲಿ ದೋಷವಾಗುವುದು ಇಲ್ಲಿ ಬೆಲೆ ಏರಿಸುತ್ತದೆ. ಅಲೆಕ್ಸಾಂಡ್ರೈಟ್ ಹಗಲಲ್ಲಿ ಹಸಿರು, ದೀಪದ ಬೆಳಕಲ್ಲಿ ಕೆಂಪು. ಅದಕ್ಕೆ ಆ ಹೆಸರು ಬಂದದ್ದು ಮುಂದೆ ಎರಡನೇ ಅಲೆಕ್ಸಾಂಡರ್ ಆದ ಯುವರಾಜನಿಂದ. ಆದರೆ ನೇರಳೆಯಿಂದ ಗುಲಾಬಿಗೆ ತಿರುಗುವ, ಬೆರಳ ತುದಿಯಷ್ಟು ದೊಡ್ಡ 'ಅಲೆಕ್ಸಾಂಡ್ರೈಟ್' ಕಂಡಿತೆಂದರೆ ಅದು ಸೋವಿಯತ್ ಕಾಲದಲ್ಲಿ ಮನೆಮನೆಗೆ ತಲುಪಿದ ಕೃತಕ ಕುರಂದ (ಮಾಣಿಕ್ಯದ ಜಾತಿಯ ಕಲ್ಲು) ಆಗಿರುವ ಸಂಭವವೇ ಹೆಚ್ಚು. ನಿಜವಾದ ಉರಾಲ್ ಅಲೆಕ್ಸಾಂಡ್ರೈಟ್ ಸಾಮಾನ್ಯವಾಗಿ ಚಿಕ್ಕದು, ಸ್ವಲ್ಪ ಮಬ್ಬು, ಮತ್ತು ವಿಪರೀತ ದುಬಾರಿ. ಪ್ರಯೋಗಾಲಯದ ಪ್ರಮಾಣಪತ್ರವಿಲ್ಲದೆ ಅದಕ್ಕೆ ಕೈ ಎತ್ತಬೇಡಿ.

ಎನಾಮಲ್‌ಗೆ ಬರೋಣ. ನಮ್ಮ ಮೀನಾಕಾರಿಯಲ್ಲಿ ಲೋಹವನ್ನು ಕೈಯಲ್ಲಿ ಕೆತ್ತಿ, ತಗ್ಗಾದ ಕಡೆ ಬಣ್ಣ ತುಂಬುತ್ತಾರೆ. ಫಾಬೆರ್ಜೆಯವರು ಹೆಸರಾದದ್ದು ಗಿಯೋಶೆ ಎಂಬ ಬೇರೆ ಬಗೆಯ ಕೆಲಸಕ್ಕೆ: ಯಂತ್ರದಲ್ಲಿ ಲೋಹದ ಮೇಲೆ ಅಲೆ, ಕಿರಣ, ಜಾಲರಿಯ ಗೆರೆಗಳನ್ನು ಕೊರೆದು, ಅದರ ಮೇಲೆ ಪಾರದರ್ಶಕ ಎನಾಮಲನ್ನು ಪದರ ಪದರವಾಗಿ ಸುಡುವುದು. ಪದಕವನ್ನು ತಿರುಗಿಸಿದಂತೆ ಬಣ್ಣದ ಕೆಳಗೆ ಬೆಳಕು ನೀರಿನಲ್ಲಿ ಹರಿದಾಡಿದಂತೆ ಹರಿಯಬೇಕು. ಅಗ್ಗದ ನಕಲಿಯಲ್ಲಿ ಗೆರೆಗಳು ಯಂತ್ರ ಕೊರೆದವಲ್ಲ, ಅಚ್ಚೊತ್ತಿದವು. ಅಂಚು ಮೊಂಡಾಗಿರುತ್ತದೆ, ಬೆಳಕು ಸಾಯುತ್ತದೆ. ಬಿರುಕು ಬಿಟ್ಟ ಎನಾಮಲನ್ನು ಅರಗಿನಂಥ ಬಣ್ಣ ತುಂಬಿ ಮುಚ್ಚುವುದುಂಟು. ನೇರಳಾತೀತ ದೀಪ ಹಿಡಿದರೆ ಆ ತೇಪೆ ಸುತ್ತಲಿನ ಜಾಗಕ್ಕಿಂತ ಬೇರೆಯಾಗಿ ಹೊಳೆದು ಸಿಕ್ಕಿಬೀಳುತ್ತದೆ. ದೀಪ ಹಿಡಿದು ನೋಡಿದ್ದೀರಾ ಎಂದು ಹರಾಜು ಮನೆಗೆ ಪತ್ರ ಬರೆದು ಕೇಳುವುದರಲ್ಲಿ ಸಂಕೋಚ ಬೇಡ.

ಕೊನೆಗೆ ಕೊಂಡಿ. ಮೊಟ್ಟೆ ಪದಕಗಳಲ್ಲಿ ಮುದ್ರೆ ಹೊಡೆಯಲು ಬೇರೆ ಜಾಗವೇ ಇಲ್ಲದ್ದರಿಂದ ಅದು ಹೆಚ್ಚಾಗಿ ಕೊಂಡಿಯ ಮೇಲೇ ಇರುತ್ತದೆ. ಕೊಂಡಿಯೇ ಸರದ ಜೊತೆ ಉಜ್ಜಿ ಮೊದಲು ಸವೆಯುವುದು, ಬದಲಾಯಿಸಲು ಎಲ್ಲಕ್ಕಿಂತ ಸುಲಭವಾದದ್ದೂ ಅದೇ. ಇಲ್ಲಿದೆ ತೊಡಕು: ಹೆಸರಿಲ್ಲದ ಮೊಟ್ಟೆಗೆ ಹೆಸರಿರುವ ಕೊಂಡಿ ಸೇರಿಸಿದರೆ ಎರಡೂ ಹಳೆಯವೇ, ಮುದ್ರೆಯೂ ಅಸಲಿಯೇ, ಪದಕ ಮಾತ್ರ ಸುಳ್ಳು. ಹಾಗಾಗಿ ಸವೆತ ಹೋಲಿಸಿ. ಮೊಟ್ಟೆಯ ಮೈ ನೂರು ವರ್ಷದ ಗೀರು ಹೊತ್ತಿದ್ದು ಕೊಂಡಿ ಅಚ್ಚುಕಟ್ಟಾಗಿದ್ದರೆ, ಅಥವಾ ಕೊಂಡಿಯ ಚಿನ್ನದ ಬಣ್ಣ ನೆತ್ತಿಯ ಚಿನ್ನಕ್ಕೆ ಹೊಂದದಿದ್ದರೆ, ಅನುಮಾನ ನ್ಯಾಯವಾದದ್ದು. ಬೆಸುಗೆಯ ಬಿಸಿ ತಾಗಿ ನೆತ್ತಿಯ ಸುತ್ತ ಎನಾಮಲ್ ಕೂದಲೆಳೆಯಷ್ಟು ಸೀಳಿದೆಯೇ ಎಂದೂ ನೋಡಿ.

ಹೆಜ್ಜೆ 4: ಈಗ ಮುದ್ರೆ

ಮೊದಲು ಅಂಕಿ. ತ್ಸಾರ್ ಕಾಲದಲ್ಲಿ ಚಿನ್ನದ ಶುದ್ಧತೆಯನ್ನು ಝೊಲೊತ್ನಿಕ್ ಎಂಬ ಅಳತೆಯಲ್ಲಿ ಹೇಳುತ್ತಿದ್ದರು, ಶುದ್ಧ ಚಿನ್ನಕ್ಕೆ 96. ಮುದ್ರೆಯ ಅಂಕಿಯನ್ನು ನಾಲ್ಕರಿಂದ ಭಾಗಿಸಿದರೆ ಕ್ಯಾರೆಟ್ ಸಿಗುತ್ತದೆ: 56 ಎಂದರೆ 14, 72 ಎಂದರೆ 18. ಬೆಳ್ಳಿಗೆ 84, 88, 91 ಸಾಮಾನ್ಯ. 583 ಎಂದಿದ್ದರೆ ಅದು ಸೋವಿಯತ್ ಕಾಲದ ಮುದ್ರೆ, ಮಾರುವವರು ಯಾವ ರಾಜಕುಮಾರಿಯ ಹೆಸರು ಹೇಳಿದರೂ.

ಅಂಕಿಯ ಪಕ್ಕದ ಚಿತ್ರ ಕಾಲ ಹೇಳುತ್ತದೆ. 1899ಕ್ಕೆ ಮುಂಚೆ ಆಯಾ ಊರಿನ ಲಾಂಛನ: ಪೀಟರ್ಸ್‌ಬರ್ಗಿಗೆ ಅಡ್ಡಡ್ಡ ಇಟ್ಟ ಎರಡು ಲಂಗರು ಮತ್ತು ರಾಜದಂಡ, ಮಾಸ್ಕೋಗೆ ಸರ್ಪವನ್ನು ಇರಿಯುವ ಸಂತ ಜಾರ್ಜ್. 1899ರಿಂದ 'ಕೊಕೊಶ್ನಿಕ್' ಎಂಬ ರಷ್ಯನ್ ಶಿರೋಭೂಷಣ ತೊಟ್ಟ ಹೆಣ್ಣಿನ ಮುಖ. 1908ರವರೆಗೆ ಅವಳು ಎಡಕ್ಕೆ ನೋಡುತ್ತಾಳೆ, ಪಕ್ಕದಲ್ಲಿ ಪರೀಕ್ಷಾಧಿಕಾರಿಯ ಹೆಸರಿನ ಅಕ್ಷರಗಳು. 1908ರಿಂದ ಬಲಕ್ಕೆ, ಅಧಿಕಾರಿಯ ಬದಲು ಗ್ರೀಕ್ ಅಕ್ಷರ: ಪೀಟರ್ಸ್‌ಬರ್ಗಿಗೆ ಆಲ್ಫಾ, ಮಾಸ್ಕೋಗೆ ಡೆಲ್ಟಾ.

ಇನ್ನು ಕೆಲಸಗಾರನ ಮುದ್ರೆ. ಫಾಬೆರ್ಜೆ ಸ್ವತಃ ಕೂತು ಪದಕ ಮಾಡುತ್ತಿರಲಿಲ್ಲ. ಪೀಟರ್ಸ್‌ಬರ್ಗಿನಲ್ಲಿ ಒಬ್ಬೊಬ್ಬ ಮುಖ್ಯಸ್ಥನ ಕೆಳಗೆ ಒಂದೊಂದು ಕಾರ್ಯಾಗಾರವಿತ್ತು, ಅವನ ಹೆಸರಿನ ಮೊದಲಕ್ಷರಗಳನ್ನು ಹೊಡೆಯುತ್ತಿದ್ದರು. ಮಿಖಾಯಿಲ್ ಪೆರ್ಖಿನ್ 1886ರಿಂದ 1903ರಲ್ಲಿ ಸಾಯುವವರೆಗೆ, ಅವನ ನಂತರ 1917ರವರೆಗೆ ಹೆನ್ರಿಕ್ ವಿಗ್‌ಸ್ಟ್ರೋಮ್. ಒಡವೆ ಕೆಲಸಕ್ಕೆ ಆಗಸ್ಟ್ ಹೋಲ್ಮ್‌ಸ್ಟ್ರೋಮ್, ಅವನ ಬಳಿಕ ಮಗ ಆಲ್ಬರ್ಟ್. ಇವರಿಬ್ಬರದೂ ರೋಮನ್ ಲಿಪಿಯ ಎ.ಎಚ್. ಅದೇ ಅಕ್ಷರಗಳ ಆಗಸ್ಟ್ ಹಾಲ್ಮಿಂಗ್ ನಡುವೆ ಒಂದು ನಕ್ಷತ್ರ ಹಾಕಿ ಬೇರೆಯಾದ. ಮಾಸ್ಕೋ ಶಾಖೆಯ ಮಾಲಿನಲ್ಲಿ ಸಾಮಾನ್ಯವಾಗಿ ಎರಡು ತಲೆಯ ಹದ್ದಿನ ಕೆಳಗೆ 'ಕೆ. ಫಾಬೆರ್ಜೆ' ಎಂಬ ರಷ್ಯನ್ ಬರಹ. ಪೀಟರ್ಸ್‌ಬರ್ಗಿನದರಲ್ಲಿ ಆ 'ಕೆ' ಇರುವುದಿಲ್ಲ.

ಈಗ ಎರಡನ್ನೂ ಜೋಡಿಸಿ. ಪೆರ್ಖಿನ್‌ನ ಅಕ್ಷರಗಳ ಪಕ್ಕದಲ್ಲಿ ಬಲಕ್ಕೆ ನೋಡುವ ಹೆಣ್ಣು ಇದ್ದರೆ? ಅವಳು ಬಲಕ್ಕೆ ತಿರುಗುವ ಹೊತ್ತಿಗೆ ಪೆರ್ಖಿನ್ ಸತ್ತು ಐದು ವರ್ಷ. ವಿಗ್‌ಸ್ಟ್ರೋಮ್ ಪಕ್ಕದಲ್ಲಿ ಮಾಸ್ಕೋದ ಡೆಲ್ಟಾ? ಅವನ ಕಾರ್ಯಾಗಾರ ಇದ್ದದ್ದು ಪೀಟರ್ಸ್‌ಬರ್ಗಿನಲ್ಲಿ. ನಕಲಿ ಮಾಡುವವರು ಹೀಗೆ ಒಂದೊಂದು ಮುದ್ರೆಯನ್ನೂ ಚೆನ್ನಾಗಿ ಕೊರೆದು, ಲೆಕ್ಕದಲ್ಲಿ ಎಡವುತ್ತಾರೆ. ಇನ್ನೊಂದು ಗುರುತು: ಮುದ್ರೆಗಳು ವಿಪರೀತ ಸ್ಪಷ್ಟವಾಗಿ, ಎದ್ದು ಕಾಣುವ ಜಾಗದಲ್ಲಿ, ಒಂದೂ ಬಿಡದಂತೆ ಇದ್ದರೆ ಅದು ಅತಿ ವಿನಯ. ಅಸಲಿ ಮೊಟ್ಟೆ ಪದಕಗಳಲ್ಲಿ ಎಷ್ಟೋ ಸಲ ಕೆಲಸಗಾರನ ಅಕ್ಷರ ಮತ್ತು 56 ಬಿಟ್ಟರೆ ಏನೂ ಇರುವುದಿಲ್ಲ, ಅದೂ ಅರ್ಧ ಸವೆದು.

ಹೆಜ್ಜೆ 5: ಕಾಗದ, ಪೆಟ್ಟಿಗೆ, ಕಥೆ

ಫಾಬೆರ್ಜೆ ಅಂಗಡಿ ತನ್ನ ಮಾಲಿನ ಮೇಲೆ ದಾಸ್ತಾನು ಸಂಖ್ಯೆಯನ್ನು ಸೂಜಿಮೊನೆಯಲ್ಲಿ ಗೀರುತ್ತಿತ್ತು. ಬರಿಗಣ್ಣಿಗೆ ಅದು ಗೀರು, ಭೂತಗನ್ನಡಿಗೆ ಅಂಕಿ. ಲಂಡನ್ ಶಾಖೆಯ 1907ರಿಂದ 1917ರ ಮಾರಾಟದ ಖಾತೆ ಪುಸ್ತಕಗಳು ಉಳಿದಿವೆ. ಸಂಖ್ಯೆ ಅಲ್ಲಿ ಸಿಕ್ಕರೆ ಕೊಂಡವರ ಹೆಸರು, ದಿನ, ಬೆಲೆ ಎಲ್ಲ ಸಿಗುತ್ತದೆ. ಅರಮನೆ ಉಡುಗೊರೆಗಳಾದರೆ ಕ್ಯಾಬಿನೆಟ್‌ನ ಕಡತಗಳು ಪೀಟರ್ಸ್‌ಬರ್ಗಿನ ರಾಜ್ಯ ಐತಿಹಾಸಿಕ ಪತ್ರಾಗಾರದಲ್ಲಿವೆ.

ಮುದ್ರೆಗಿಂತ ಕಾಗದ ದೊಡ್ಡದೆಂಬುದಕ್ಕೆ ಹಿಮದ ಪದಕಗಳಷ್ಟು ಚೆಂದದ ಉದಾಹರಣೆ ಇಲ್ಲ. ಆಲ್ಮಾ ಪಿಲ್ ಎಂಬ ತರುಣಿ, ಆಗಸ್ಟ್ ಹೋಲ್ಮ್‌ಸ್ಟ್ರೋಮ್‌ನ ಮೊಮ್ಮಗಳು, ಕಾರ್ಯಾಗಾರದ ಕಿಟಕಿಯ ಗಾಜಿನ ಮೇಲೆ ಕಟ್ಟಿದ ಹಿಮದ ಚಿತ್ತಾರ ನೋಡಿ ಸ್ಫಟಿಕ, ಪ್ಲಾಟಿನಂ, ವಜ್ರಗಳಲ್ಲಿ ಪದಕಗಳನ್ನು ಬರೆದಳು. ಬಾಕುವಿನ ಎಣ್ಣೆ ಉದ್ಯಮಿ ಎಮಾನುಯೆಲ್ ನೊಬೆಲ್ ಅಂಥ ಹಿಮದ ಒಡವೆಗಳನ್ನು ಮಾಡಿಸಿ ಉಡುಗೊರೆಯಾಗಿ ಹಂಚಿದ. ಹೋಲ್ಮ್‌ಸ್ಟ್ರೋಮ್ ಕಾರ್ಯಾಗಾರದ 1909ರಿಂದ 1915ರವರೆಗಿನ ಎರಡು ಚಿತ್ರಪುಸ್ತಕಗಳು ಬೆಳಕಿಗೆ ಬಂದ ಮೇಲೆ, ಒಂದೊಂದು ಒಡವೆಯನ್ನೂ ಅದರ ಬಣ್ಣದ ಚಿತ್ರದ ಪಕ್ಕದಲ್ಲಿಟ್ಟು ಗುರುತಿಸುವುದು ಸಾಧ್ಯವಾಯಿತು. ಅದೇ ಆಲ್ಮಾ ಬರೆದ 1913ರ 'ಚಳಿಗಾಲದ ಮೊಟ್ಟೆ' 2002ರಲ್ಲಿ 96 ಲಕ್ಷ ಡಾಲರ್‌ಗೆ, 2025ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಸುಮಾರು 2.29 ಕೋಟಿ ಪೌಂಡ್‌ಗೆ ಹೋಯಿತು.

ಪೆಟ್ಟಿಗೆ ಇದ್ದರೆ ಮುಚ್ಚಳದೊಳಗಿನ ರೇಷ್ಮೆಯ ಮೇಲಿನ ಬರಹ ಓದಿ. ಲಂಡನ್ ಹೆಸರಿದ್ದರೆ ಅಲ್ಲಿ ಶಾಖೆ ತೆರೆದ 1903ಕ್ಕಿಂತ ಹಳೆಯದಲ್ಲ. ಪೀಟರ್ಸ್‌ಬರ್ಗಿನ ಬದಲಾದ ಹೆಸರು ಪೆಟ್ರೊಗ್ರಾದ್ ಎಂದಿದ್ದರೆ 1914ರ ನಂತರದ್ದು. ಪದಕ ತನ್ನ ಗುಳಿಯಲ್ಲಿ ಅಲುಗದೆ ಕೂರಬೇಕು. ಖಾಲಿ ಪೆಟ್ಟಿಗೆಗಳೂ ಬೇರೆಯಾಗಿ ಮಾರಾಟವಾಗುತ್ತವೆ ಎಂಬುದನ್ನು ಮರೆಯಬೇಡಿ.

ರಷ್ಯಾದಿಂದ ಹೊರಬಂದ ದಾರಿಯೂ ತಿಳಿದಿರಬೇಕು. ಕ್ರಾಂತಿಯಾದಾಗ ಓಡಿದವರು ಒಡವೆಗಳನ್ನು ಬಟ್ಟೆಯಲ್ಲಿ ಹೊಲಿದುಕೊಂಡು ತಂದರು. ಸೋವಿಯತ್ ಸರ್ಕಾರ ತಾನೇ ಮಾರಿದ್ದೂ ಬಹಳ: 1927ರ ಮಾರ್ಚ್ 16ರಂದು ರಾಜಮನೆತನದ ಒಡವೆಗಳ 124 ಲಾಟ್‌ಗಳು (ಒಂದೊಂದಾಗಿ ಕೂಗುವ ಸರಕುಗಳು) ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಹರಾಜಾದವು. ಗ್ರ್ಯಾಂಡ್ ಡಚೆಸ್ ಮರಿಯಾ ಪಾವ್ಲೊವ್ನಾಳ ಕೆಲವು ವಸ್ತುಗಳು ದಿಂಬಿನ ಚೀಲಗಳಲ್ಲಿ ಸ್ವೀಡನ್ ವಿದೇಶಾಂಗ ಇಲಾಖೆಯಲ್ಲಿ ದಶಕಗಳ ಕಾಲ ಮಲಗಿದ್ದು 2009ರಲ್ಲಿ ಹರಾಜಿಗೆ ಬಂದವು. ಇಂಥ ಕಥೆಗಳು ನಿಜವಾಗಿರುವುದರಿಂದಲೇ ಸುಳ್ಳು ಕಥೆಗಳೂ ಸಲೀಸಾಗಿ ಓಡುತ್ತವೆ.

ಹೆಜ್ಜೆ 6: ದುಡ್ಡಿನ ಲೆಕ್ಕ, ನಂತರ ಕೂಗು

ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆಯಲ್ಲ. 10,000 ಪೌಂಡ್‌ಗೆ ಸುತ್ತಿಗೆ ಬಿತ್ತೆನ್ನಿ. ಕೊಳ್ಳುವವರ ಕಮಿಷನ್ ಶೇ. 26 ಎಂದಿಟ್ಟುಕೊಂಡರೆ 2,600. ಆ ಕಮಿಷನ್ ಮೇಲೆ ಬ್ರಿಟನ್ನಿನ ಶೇ. 20 ತೆರಿಗೆ 520. ಅಲ್ಲಿಗೆ 13,120. ಸಾಗಣೆ, ವಿಮೆ, ಸುಂಕ ಇನ್ನೂ ಬಾಕಿ. ಆದ್ದರಿಂದ ಕೈಯಲ್ಲಿರುವ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ, ಕೂಗಬಹುದಾದ ಗರಿಷ್ಠ ಅಂಕಿಯನ್ನು ಚೀಟಿಯಲ್ಲಿ ಬರೆದಿಡಿ. ಹರಾಜಿನ ಬಿಸಿಯಲ್ಲಿ ಕೈ ತಾನಾಗಿ ಮೇಲೇಳುವವರು ಮೊದಲೇ ಲಿಖಿತ ಕೂಗು ಸಲ್ಲಿಸಿ ಮನೆಯಲ್ಲಿರುವುದು ಮೇಲು. ಮಾರಾಟವಾಗದೆ ಉಳಿದ ಲಾಟ್‌ಗೆ ಮರುದಿನ ಬೆಲೆ ಕೇಳಬಹುದು. ಎಷ್ಟೋ ಸಲ ಕ್ಯಾಟಲಾಗ್‌ನಲ್ಲಿ ಕೊಟ್ಟ ಕನಿಷ್ಠ ಅಂದಾಜು ಬೆಲೆಗಿಂತ ಕಡಿಮೆಗೆ ಸಿಗುತ್ತದೆ.

ಹೆಜ್ಜೆ 7: ಮನೆಗೆ ತರುವುದು

2022ರ ಯುಕ್ರೇನ್ ಯುದ್ಧದ ನಂತರ ರಷ್ಯನ್ ಮೂಲದ ವಜ್ರ ಮತ್ತು ಐಷಾರಾಮಿ ವಸ್ತುಗಳ ಮೇಲೆ ಪಾಶ್ಚಾತ್ಯ ದೇಶಗಳು ನಿರ್ಬಂಧ ಹಾಕಿವೆ. ಹಾಗಾಗಿ ಪದಕ ಬಹಳ ಹಿಂದೆಯೇ ರಷ್ಯಾ ಬಿಟ್ಟಿದೆ ಎಂಬುದಕ್ಕೆ ದಾಖಲೆ, ಹಳೆಯ ಹರಾಜಿನ ಕ್ಯಾಟಲಾಗ್ ಆದರೂ ಸರಿ, ಕೇಳಿ ಇಟ್ಟುಕೊಳ್ಳಿ. ಭಾರತದಿಂದ ಹಣ ಕಳುಹಿಸುವವರಿಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ಒಡವೆಯೆಂದೋ ನೂರು ವರ್ಷ ಮೀರಿದ ಪ್ರಾಚೀನ ವಸ್ತುವೆಂದೋ ಎಂಬುದರ ಮೇಲೆ ಸುಂಕ ಬದಲಾಗುತ್ತದೆ. ಕೂಗುವ ಮುನ್ನವೇ ಕಸ್ಟಮ್ಸ್ ಏಜೆಂಟರನ್ನು ಕೇಳಿ. ಪುರಾವಸ್ತುಗಳ ರಫ್ತನ್ನು ಭಾರತದ 1972ರ ಕಾಯ್ದೆ ಬಿಗಿಯಾಗಿ ತಡೆಯುವುದರಿಂದ, ಮುಂದೆ ವಿದೇಶದಲ್ಲೇ ಮಾರುವ ಯೋಚನೆ ಇದ್ದರೆ ಒಳಗೆ ತರುವ ಮೊದಲು ಅದನ್ನೂ ವಿಚಾರಿಸಿ.

ಮನೆಗೆ ಬಂದ ಪದಕವನ್ನು ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಂಗಡಿಗಳಲ್ಲಿ ಒಡವೆ ತೊಳೆಯುವ ಶಬ್ದತರಂಗದ ಯಂತ್ರಕ್ಕೆ ಹಾಕಿದರೆ ಎನಾಮಲ್ ಸಿಡಿಯುತ್ತದೆ. ಕೊಂಡಿ ಕಾಗದದಷ್ಟು ತೆಳ್ಳಗಾಗಿದ್ದರೆ ಎನಾಮಲ್ ಬಲ್ಲ ಅಕ್ಕಸಾಲಿಗೇ ತೋರಿಸಿ, ಹೊಸದನ್ನು ಹಾಕಿಸಿ. ಹಳೆಯ ಕೊಂಡಿಯನ್ನು ಮಾತ್ರ ಅವರು ಕರಗಿಸಲು ಬಿಡದೆ ಕೇಳಿ ಪಡೆದು ಪೆಟ್ಟಿಗೆಯಲ್ಲಿಡಿ, ಮುದ್ರೆ ಇರುವುದು ಅದರ ಮೇಲೆ.